ಮೂರನೆಯ ಷರತ್ತು ಬರೆದ ಮೇಷ್ಟ್ರು

ಮಸಾಲೆ ದೋಸೆಯನ್ನು ಅಷ್ಟು ಸಂಕಟಪಟ್ಟುಕೊಂಡು ತಿನ್ನುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿ ಮೇಷ್ಟ್ರ ಮನೆ ಹತ್ತಿರದ ಹೋಟೆಲಿನಲ್ಲಿ ಎದುರುಬದುರು ಕೂತರೆ, ಮೊದಲು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ದೋಸೆಯ ಉತ್ತರ ದಿಕ್ಕು ಯಾವುದು ಅಂತ ಗೊತ್ತು ಮಾಡಿಕೊಳ್ಳೋರು. ಆಮೇಲೆ ಮೇಲಿನ ಅಂಚು ಮುರಿದು, ‘ಇದು ಚೆಕ್ಕರಿಗೂ ಸ್ಲೋವಾಕರಿಗೂ’ ಅನ್ನೋರು. ಬಲಗಡೆಯಿಂದ ದೊಡ್ಡದೊಂದು ತುಂಡು ರೊಮೇನಿಯಾಕ್ಕೆ, ಉಳಿದಿರೋದಕ್ಕಿಂತ ಅದೇ ದೊಡ್ಡದು. ಕೆಳಗಿನದು ಸರ್ಬಿಯಾದವರು ಕಟ್ಟಿಕೊಂಡ ಹೊಸ ರಾಜ್ಯಕ್ಕೆ. ಎಡಗಡೆಯ ಗರಿಗರಿ ಚೂರೊಂದು, ಜೊತೆಗೇ ಸೋತಿದ್ದ ಆಸ್ಟ್ರಿಯಾಕ್ಕೆ. ಕೊನೆಗೆ ಚಟ್ನಿ ಬಟ್ಟಲನ್ನು ಮೇಜಿನ ಆ ತುದಿಗೆ ತಳ್ಳಿ, ‘ಸಮುದ್ರಾನೂ ಹೋಯ್ತು.’ ತಟ್ಟೆಯ ನಡುವೆ ಆಲೂಗಡ್ಡೆ ಪಲ್ಯ ಮಾತ್ರ ಹೊದಿಕೆಯಿಲ್ಲದೆ ಕೂತಿರೋದು. ಅದು ಹಂಗೇರಿ.

ಅಷ್ಟು ಹೊತ್ತಿಗೆ ನನ್ನ ದೋಸೆ ಮುಗಿದಿರುತ್ತಿತ್ತು. ರೊಮೇನಿಯಾ ಬೇಡವಾದರೆ ನಾನು ತಗೊಳ್ಳಲಾ ಅಂತ ಕೇಳಿದರೆ ಬೇಜಾರಿಲ್ಲದೆ ಕೊಟ್ಟುಬಿಡೋರು. ಎಲ್ಲ ಪ್ರಾಂತ್ಯಗಳೂ ಹೋಗಿದ್ದು ಹೀಗೇನೇ, ಹಸಿದವನೊಬ್ಬ ಪಕ್ಕದಲ್ಲಿ ಕೂತಿದ್ದರೆ ಸಾಕು ಅನ್ನೋರು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಪೊಟೋಮ್ಯಾಕ್ ನದಿಯ ಎರಡೂ ದಡದ ಕನ್ನಡಿಗರು ಅವರು ತಮ್ಮವರು ಅಂತ ಎಳೆದಾಡಲು ಹೊರಡುತ್ತಾರೆ. ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಮೈಸೂರಿನವರು. ವರ್ಜೀನಿಯಾದ ಒಂದು ಕಾಲೇಜಿನಲ್ಲಿ ಯೂರೋಪಿನ ಇತಿಹಾಸ ಪಾಠ ಮಾಡುತ್ತಿದ್ದರು. ಸೆಮಿಸ್ಟರಿಗೊಂದು ಹೊಸ ಕಾಂಟ್ರಾಕ್ಟು. ನಿವೃತ್ತಿಯಾಗುವ ತನಕ ಕೆಲಸ ಖಾಯಂ ಆಗಲೇ ಇಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಸೋತಿತಲ್ಲ, ಗೆದ್ದವರು ವರ್ಸೇಲ್ಸ್‌ನ ತ್ರಿಯಾನೋ ಅರಮನೆಯಲ್ಲಿ ಹಂಗೇರಿಯಿಂದ ಸಹಿ ಹಾಕಿಸಿಕೊಂಡರಲ್ಲ, ಆ ಶಾಂತಿ ಒಪ್ಪಂದವೇ ಅವರ ಜೀವಮಾನದ ವಿಷಯ. ಮೈಸೂರಿನವರಿಗೆ ಹಂಗೇರಿಯ ಉಸಾಬರಿ ಯಾಕೆ ಅಂತ ಯಾರಾದರೂ ಕೇಳಿದರೆ, ಬೇರೆಯವರ ಗಾಯವಾದರೆ ಬಟ್ಟೆ ಬಿಚ್ಚಿ ಆರಾಮಾಗಿ ನೋಡಬಹುದು ಅನ್ನೋರು.

ನನ್ನ ಪರಿಚಯವನ್ನೂ ಒಂದು ಸಾಲಿನಲ್ಲಿ ಮುಗಿಸುತ್ತೇನೆ: ನಾನು ಇನ್ನೊಬ್ಬರ ಧ್ವನಿ ತೆಗೆದು, ಅಂದರೆ ಮಿಮಿಕ್ರಿ ಮಾಡಿ, ಬದುಕುವವನು. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಟೆಸ್ಟಿಂಗ್, ಅದು ಬೇರೆ. ಮೊದಲು ದೂರದ ನಾರ್‌ಕ್ರಾಸ್‌ನಲ್ಲಿದ್ದೆ, ಕಂಪನಿ ಬದಲಾಯಿಸಿ ಫೇರ್‌ಫ್ಯಾಕ್ಸ್ ಹತ್ತಿರದ ರೆಸ್ಟನ್ನಿಗೆ ಬಂದೆ. ಬಂದ ವರ್ಷವೇ ಕನ್ನಡ ಕೂಟದ ದೀಪಾವಳಿ ವೇದಿಕೆ ಹತ್ತಿ, ಪ್ರಾಯೋಜಕರಿಗೆ ಧನ್ಯವಾದ ಹೇಳುತ್ತಾ ಹೇಳುತ್ತಾ ಅವರ ಹೆಸರೇ ಮರೆಯುವ ಅಧ್ಯಕ್ಷರನ್ನು ಮಾಡಿದೆ. ಇನ್ನೊಂದು ಸೌಟು ಹಾಕಿಯೇ ‘ಸ್ವಲ್ಪಾನೇ ಹಾಕಿದ್ದು’ ಅನ್ನುವ ಆಂಟಿಯರನ್ನು ಮಾಡಿದೆ. ವೀಸಾ ವಕೀಲರ ಫೋನು ಬಂದಾಗ ಬೆಕ್ಕಿನ ಮರಿಯಾಗುವ ನನ್ನನ್ನೂ ಮಾಡಿಕೊಂಡೆ. ಜನ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ನನ್ನನ್ನು ಊಟಕ್ಕೆ ಕರೆದವರು ಊಟದ ಮೇಲೆ ಏನಾದರೂ ಒಂದು ಮಾಡಿಸದೆ ಮನೆಗೆ ಕಳಿಸಿಲ್ಲ.

ಮೇಷ್ಟ್ರು ಮಿಮಿಕ್ರಿ ಮಾಡುವವನಿಗೆ ಹಬ್ಬದೂಟ. ವಾಕ್ಯದ ಕೊನೆಯ ಕ್ರಿಯಾಪದ ಬರುವ ಮೊದಲು ಅವರು ಕಣ್ಣು ಮುಚ್ಚುತ್ತಿದ್ದರು. ‘ಹಂಗೇರಿಯ ಪ್ರತಿನಿಧಿಗಳನ್ನು ಪ್ಯಾರಿಸ್ಸಿನ ಹೊರಗೆ ಒಂದು ಹೋಟೆಲಿನಲ್ಲಿ, ಬಾಗಿಲಿಗೆ ಪೊಲೀಸರನ್ನು ನಿಲ್ಲಿಸಿ...’ ಅಂತ ಹೇಳಿ ಕಣ್ಣು ಮುಚ್ಚಿದರೆ, ನಾವೆಲ್ಲ ಉಸಿರು ಹಿಡಿದು ಕಾಯಬೇಕು. ಕೊಂದರೋ, ಓಡಿಸಿದರೋ, ಊಟ ಹಾಕಿದರೋ? ಕಣ್ಣು ತೆರೆದು ‘ಕೂರಿಸಲಾಯಿತು’ ಅನ್ನೋರು. ಎಲ್ಲರೂ ಒಂದೊಂದು ಅಡಿಗೆ ತರುವ ಪಾಟ್‌ಲಕ್ಕಿನಲ್ಲಿ ಅವರೆದುರೇ ಇದನ್ನು ಮಾಡಿದೆ. ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಪಕ್ಕಕ್ಕೆ ಕರೆದು, ಕಣ್ಣು ಇನ್ನೂ ಸ್ವಲ್ಪ ಹೊತ್ತು ಮುಚ್ಚಿರಬೇಕು ಕಣೋ, ನಾನು ಅಷ್ಟು ಬೇಗ ತೀರ್ಮಾನಕ್ಕೆ ಬರೋನಲ್ಲ ಅಂತ ತಿದ್ದಿದರು. ತನ್ನ ಅಣಕವನ್ನು ತಾನೇ ತಿದ್ದಿಕೊಟ್ಟ ಮನುಷ್ಯ ನನಗೆ ಅವರೊಬ್ಬರೇ ಸಿಕ್ಕಿದ್ದು. ಉಳಿದವರೆಲ್ಲ ‘ನಾನೆಲ್ಲಿ ಹಾಗೆ ಮಾತಾಡ್ತೀನಿ?’ ಅಂತ ಹಾಗೇ ಮಾತಾಡುತ್ತಾ ಕೇಳಿದವರು.

ಎರಡು ಸಾವಿರದ ಇಪ್ಪತ್ತರ ಜೂನಿನಲ್ಲಿ ಆ ಒಪ್ಪಂದಕ್ಕೆ ನೂರು ವರ್ಷ ತುಂಬಿತು. ಲಾಕ್‌ಡೌನ್ ಬೇರೆ. ಕೂಟದವರಿಗೆ ಜೂಮ್‌ನಲ್ಲಿ ಏನಾದರೂ ಕಾರ್ಯಕ್ರಮ ಬೇಕಿತ್ತು, ಮೇಷ್ಟ್ರಿಗೆ ಯಾರಾದರೂ ಕೇಳುವವರು ಬೇಕಿತ್ತು. ಮೇಷ್ಟ್ರು ಉಪನ್ಯಾಸ ಕೊಟ್ಟರು. ಅದಕ್ಕೆ ಮುಂಚೆ ನಡೆದಿದ್ದ ಯೋಗ ಶಿಬಿರಕ್ಕೆ ಬಂದವರಲ್ಲಿ ಲಾಗ್‌ಔಟ್ ಮಾಡಲು ಮರೆತವರೇ ಹೆಚ್ಚಾಗಿ ಉಳಿದಿದ್ದರು. ಯಾರದೋ ಮನೆ ಕುಕ್ಕರ್ ನಡುನಡುವೆ ಸೀಟಿ ಹೊಡೆಯುತ್ತಿತ್ತು, ಮೇಷ್ಟ್ರು ಪ್ರತಿ ಸೀಟಿಗೂ ನಿಲ್ಲಿಸಿ, ಮುಗಿದ ಮೇಲೆ ಮುಂದುವರಿಸುತ್ತಿದ್ದರು. ಕುಕ್ಕರಿನ ಪ್ರಶ್ನೆಗೂ ಮರ್ಯಾದೆ ಕೊಡುವ ಹಾಗೆ.

ಆದರೆ ಅವತ್ತು ಹೇಳಿದ್ದು ನನಗೆ ಮರೆತಿಲ್ಲ. ಹಂಗೇರಿಯ ನೆಲದಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು. ಸಹಿ ಬಿದ್ದ ದಿನ ಅವರ ರಾಜಧಾನಿಯಲ್ಲಿ ಗಂಟೆ ಹೊಡೆದರು, ಅಂಗಡಿ ಮುಚ್ಚಿದರು. ಗೆರೆಯ ಆಚೆ ಸಿಕ್ಕಿಬಿದ್ದು ಓಡಿ ಬಂದ ಸಂಸಾರಗಳು ರೈಲ್ವೆ ನಿಲ್ದಾಣಗಳಲ್ಲಿ ನಿಂತ ಗೂಡ್ಸ್ ಡಬ್ಬಿಗಳಲ್ಲೇ ತಿಂಗಳುಗಟ್ಟಲೆ ಒಲೆ ಹೂಡಿದವು. ಅವರ ಮುದುಕ ನಾಯಕನೊಬ್ಬ ಗೆದ್ದವರ ಮುಂದೆ ನಿಂತು ಫ್ರೆಂಚಿನಲ್ಲಿ, ಇಂಗ್ಲಿಷಿನಲ್ಲಿ, ಇಟಾಲಿಯನ್ನಿನಲ್ಲಿ ಮಾತಾಡಿದ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಗೆರೆ ಅಷ್ಟರಲ್ಲಿ ಎಳೆದಾಗಿತ್ತು. ಸೋತವರು ಸಾಚಾ ಅಂತ ತಿಳಿಯಬೇಡಿ ಅಂತಲೂ ಮೇಷ್ಟ್ರು ಹೇಳಿದರು. ಆಳುವಾಗ ಆ ಹಂಗೇರಿಯವರೇ ಸ್ಲೋವಾಕ್ ಮಕ್ಕಳ ಸ್ಲೋವಾಕ್ ಶಾಲೆ ಮುಚ್ಚಿಸಿದ್ದರಂತೆ. ತಪ್ಪು ಮಾಡಿದವನಿಗೂ ಕೋಣೆಯ ಒಳಗೆ ಒಂದು ಕುರ್ಚಿ ಕೊಡಬೇಕಿತ್ತು, ಅವನ ಬದುಕನ್ನು ಅವನು ಹೊರಗೆ ಕಾಯುವಾಗ ಬರೆಯಬಾರದಿತ್ತು, ಅಷ್ಟೇ ನನ್ನ ತಕರಾರು, ಅಂದರು. ಕುಕ್ಕರ್ ಸೀಟಿ ಹೊಡೆಯಿತು. ಕಾರ್ಯಕ್ರಮ ಮುಗಿಯಿತು.

ಮರುವರ್ಷ ನಮ್ಮ ಕೂಟ ಒಡೆಯಿತು.

ಕೂಟ ಅಂದರೆ ಅದೂ ಒಂದು ಸಾಮ್ರಾಜ್ಯವೇ. ಪೊಟೋಮ್ಯಾಕ್ ನದಿಯ ಆ ದಡದ ಮೇರಿಲ್ಯಾಂಡು, ಈ ದಡದ ವರ್ಜೀನಿಯಾ ಎರಡೂ ಸೇರಿ ಬಾಲ್ಟಿಮೋರ್‌ನಿಂದ ರಿಚ್‌ಮಂಡ್‌ವರೆಗೆ ಹಬ್ಬಿತ್ತು. ಮೇರಿಲ್ಯಾಂಡ್ ಕಡೆಯ ಹಿರಿಯರು ಅದನ್ನು ಕಟ್ಟಿದವರು, ಕಟ್ಟಿದ್ದಕ್ಕೆ ಬಾಡಿಗೆಯ ಹಾಗೆ ಪ್ರತಿ ಸಲ ಅವರೇ ಅಧ್ಯಕ್ಷರು, ಅವರದೇ ನಿರೂಪಣೆ, ಅವರ ಭಾವಮೈದನದೇ ಬಿಸಿಬೇಳೆಬಾತು. ವರ್ಜೀನಿಯಾದ ನಮ್ಮ ಕಡೆಯವರ ಮುಂದಾಳು ಹರೀಶ್. ರೆಸ್ಟನ್ನಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಹುಟ್ಟುಹಬ್ಬಕ್ಕೂ ಕ್ಯಾಲೆಂಡರ್ ಇನ್ವೈಟ್ ಕಳಿಸುವವನು, ಕೆಟ್ಟವನಲ್ಲ. ಆನ್‌ಲೈನ್ ಚುನಾವಣೆ ಮಾಡಿಸಿ ಗೆದ್ದ. ಸೋತ ಹಿರಿಯರು ಓಟೇ ಸರಿಯಿಲ್ಲ ಅಂದರು. ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ನಿಂತುಹೋಗಿ ಬರೀ ಉದ್ದುದ್ದ ಪ್ಯಾರಾಗಳು ಬರತೊಡಗಿದವು. ಕೊನೆಗೆ ಬೇರೆ ಬೇರೆಯಾಗೋಣ ಅನ್ನುವುದಕ್ಕೆ ಮಾತ್ರ ಎರಡೂ ಕಡೆ ಒಮ್ಮತ ಬಂತು.

ಬೇರೆಯಾಗುವುದಕ್ಕೆ ಒಂದು ಒಪ್ಪಂದ ಬೇಕಲ್ಲ. ನಮ್ಮೂರಲ್ಲೇ ಒಪ್ಪಂದದ ಪಂಡಿತರು ಇರುವಾಗ ವಕೀಲರು ಯಾಕೆ ಅಂದ ಹರೀಶ್. ಮೇಷ್ಟ್ರು ಫೋನಿನಲ್ಲೇ ಆಗೋದಿಲ್ಲ ಅಂದರು. ಆಗ ನಮ್ಮ ಕಡೆಯವರು ನನ್ನನ್ನು ಕಳಿಸಿದರು. ಅಷ್ಟು ಹೊತ್ತಿಗೆ ನಾನು ಹೊಸ ಸಮಿತಿಯ ಕಾರ್ಯದರ್ಶಿಯಾಗಿದ್ದೆ, ಅಂದರೆ ಎಲ್ಲರೂ ಎದ್ದು ಹೋದ ಮೇಲೆ ಕುರ್ಚಿ ಮಡಿಸುವವನು. ಹೋಟೆಲಿನಲ್ಲಿ ಅವರು ರೊಮೇನಿಯಾ ಮುರಿಯುತ್ತಿರುವಾಗ ಹೇಳಿದೆ, ಜೀವನವೆಲ್ಲ ಬೇರೆಯವರು ಬರೆದ ಕೆಟ್ಟ ಒಪ್ಪಂದ ಓದಿದ್ದೀರಿ, ಒಂದು ಒಳ್ಳೇದನ್ನ ನೀವೇ ಬರೆಯಬಹುದಲ್ಲ ಅಂತ. ಮುರಿಯುತ್ತಿದ್ದ ಬೆರಳು ನಿಂತಿತು. ಕಾಲೇಜಿನಲ್ಲಿ ಖಾಯಂ ಕುರ್ಚಿ ಕೊಡದ ಊರು ಇದು. ಅವರ ಮುಖದಲ್ಲಿ ಅವತ್ತು ಕಂಡದ್ದನ್ನು ನಾನು ವೇದಿಕೆ ಮೇಲೆ ಯಾವತ್ತೂ ಮಾಡಿಲ್ಲ. ಅಷ್ಟು ಸಂತೋಷವಿತ್ತು.

ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಹರೀಶನ ಮನೆಯಲ್ಲಿ ಸಭೆ. ಸೋತ ಕಡೆಯಿಂದ ಹಳೆಯ ಅಧ್ಯಕ್ಷರು ಬಂದರು, ಜೊತೆಗೆ ಸುಮಿತ್ರಾ ಆಂಟಿ. ಆಂಟಿ ಉಡುಪಿ ಕಡೆಯವರು, ಯಾವ ಪಕ್ಷಕ್ಕೂ ಸೇರಿದವರಲ್ಲ. ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ, ಲೈಬ್ರರಿಯ ಒಂದು ಕೋಣೆ ಕೇಳಿಕೊಂಡು ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಅದು ಕೂಟದ ಕನ್ನಡ ಶಾಲೆಯ ಒಂದು ತರಗತಿ. ಶಾಲೆಯ ಮಾತು ಬರುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಬಂದಿದ್ದರು, ತೊಡೆ ಮೇಲೆ ಬ್ಯಾಗು ಇಟ್ಟುಕೊಂಡು ಸೋಫಾದ ಅಂಚಿನಲ್ಲಿ ಕೂತಿದ್ದರು. ಹರೀಶ್ ಅವರಿಗೆಲ್ಲ ಮೇಲೆ ಲಿವಿಂಗ್ ರೂಮಿನಲ್ಲಿ ಕಾಫಿ ಚಕ್ಕುಲಿ ಕೊಡಿಸಿ, ಐದೇ ನಿಮಿಷ, ಡ್ರಾಫ್ಟ್ ರೆಡಿ ಮಾಡ್ಕೊಂಡು ಬಂದುಬಿಡ್ತೀವಿ ಅಂದ. ನಾವು ಕೆಳಗೆ ಬೇಸ್‌ಮೆಂಟಿಗೆ ಹೋದೆವು.

ಟೇಬಲ್ ಟೆನಿಸ್ ಮೇಜಿನ ಮೇಲೆ ಭೂಪಟ ಹಾಸಿತ್ತು. ಮೇಷ್ಟ್ರು ಪೆನ್ಸಿಲ್ ಹಿಡಿದು, ಮದುವೆಗೆ ಬಂದ ಪುರೋಹಿತರ ಹಾಗೆ ಅಂಗಿಯ ತೋಳು ಮಡಿಸಿಕೊಂಡರು. ನದಿ ಇದೆಯಲ್ಲ ಮೇಷ್ಟ್ರೇ, ನ್ಯಾಚುರಲ್ ಬಾರ್ಡರ್ ಅಂದ ಹರೀಶ್. ನದಿಯನ್ನು ಗಡಿ ಮಾಡಿದವನು ಯಾವತ್ತೂ ಆ ನೀರಿನಲ್ಲಿ ಬಟ್ಟೆ ಒಗೆದಿರುವುದಿಲ್ಲ ಅಂತ ಕ್ಲಾಸಿನಲ್ಲಿ ವರ್ಷವರ್ಷ ಹೇಳುತ್ತಿದ್ದ ಮೇಷ್ಟ್ರು, ಪೊಟೋಮ್ಯಾಕ್ ಉದ್ದಕ್ಕೂ ನೀಟಾಗಿ ಗೆರೆ ಎಳೆದರು. ಆಮೇಲೆ ಷರತ್ತುಗಳು. ಏನು ಕನ್ನಡ ಅಂತೀರಿ. ‘ಉಭಯ ಪಕ್ಷಗಳೂ ಪರಸ್ಪರ ಸೌಹಾರ್ದದಿಂದ’ ಅಂತ ಶುರುವಾಗುತ್ತಿತ್ತು. ಮೊದಲನೆಯದು, ಆ ದಡದವರು ಹೊಸ ಹೆಸರಿನಲ್ಲಿ ಹಬ್ಬ ಮಾಡಿಕೊಳ್ಳಬಹುದು. ಎರಡನೆಯದು, ಮೈಕು, ಪರದೆ, ದೀಪದ ಕಂಬ ಸರಿಪಾಲು. ನಾಲ್ಕನೆಯದು, ವಾಟ್ಸಾಪಿನಲ್ಲಿ ಒಬ್ಬರನ್ನೊಬ್ಬರು ಹೀಗಳೆಯತಕ್ಕದ್ದಲ್ಲ. ಇದು ಅವತ್ತು ಸಂಜೆಯೇ ಮುರಿದುಬಿತ್ತು. ಮೂರನೆಯದನ್ನು ಹರೀಶ್ ಹೇಳಿ ಬರೆಸಿದ. ಕೂಟದ ಹೆಸರು, ಆ ಹೆಸರಿನಲ್ಲಿ ನಡೆಯುವ ಕನ್ನಡ ಶಾಲೆ, ಅದರ ಪಾಠಪಟ್ಟಿ, ಮಕ್ಕಳಿಗೆ ಕೊಡುವ ಸರ್ಟಿಫಿಕೇಟ್ ಎಲ್ಲ ಈ ದಡಕ್ಕೆ. ಶಾಲೆ ಯಾರದೋ ಅಪ್ಪ ಅಮ್ಮಂದಿರು ಅವರ ಕಡೆ, ಅಪ್ಪ ಅಮ್ಮಂದಿರು ಯಾರ ಕಡೆಯೋ ತುಂಬಿದ ಸಭಾಂಗಣ ಅವರದು. ಇದು ಗೆದ್ದವರೆಲ್ಲರಿಗೂ ಗೊತ್ತಿತ್ತು.

ಮೇಲಿರೋರನ್ನ ಕರೆದು ಕೇಳಬೇಕಲ್ಲಯ್ಯ ಅಂದರು ಮೇಷ್ಟ್ರು. ಬರೆದು ಮುಗಿಸಿ ತೋರಿಸೋಣ, ಕಾಮೆಂಟ್ಸ್ ಇದ್ದರೆ ತಗೊಳ್ಳೋಣ ಅಂದ ಹರೀಶ್. ಅಷ್ಟರಲ್ಲಿ ಮೇಲೆ ಯಾರೋ ಎದ್ದು ಓಡಾಡಿದ ಸದ್ದಾಯಿತು, ಮರದ ನೆಲ ಕಿರುಗುಟ್ಟಿತು. ಮೇಷ್ಟ್ರು ತಲೆಯೆತ್ತಿ ಚಾವಣಿ ನೋಡಿದರು. ಆಮೇಲೆ ನನ್ನನ್ನು.

‘ಮೇಲೆ ಕೂರಿಸಿಬಿಟ್ಟಿದ್ದೀವಿ ಕಣೋ ಅವರನ್ನ,’ ಅಂದರು.

ನಾನು ಚಕ್ಕುಲಿ ತಿನ್ನುತ್ತಿದ್ದೆ. ತಿನ್ನುವುದನ್ನು ನಿಲ್ಲಿಸಿ, ಬೆರಳಿಗಂಟಿದ ಚೂರು ಒರೆಸಿಕೊಂಡೆ. ಅವರು ತಲೆ ಬಗ್ಗಿಸಿ ಆ ವಾಕ್ಯ ಪೂರ್ತಿ ಮಾಡಿದರು. ಗೊತ್ತಿಲ್ಲದೆ ಮಾಡಿದ್ದರೆ ಈ ಬರಹ ಬೇಕಿರಲಿಲ್ಲ. ಗೊತ್ತಾಯಿತು, ಗೊತ್ತಾಗಿದ್ದು ಮುಖದಲ್ಲಿ ಕಂಡಿತು, ಆದರೂ ಪೆನ್ಸಿಲ್ ನಿಲ್ಲಲಿಲ್ಲ. ವಾಕ್ಯ ಅಷ್ಟು ಚೆನ್ನಾಗಿ ಬರುತ್ತಿತ್ತು.

ಮೇಲೆ ಹೋಗಿ ಅವರೇ ಓದಿದರು. ಮೂರನೆಯದಕ್ಕೆ ಬಂದಾಗ ದನಿ ಇಳಿಯಿತು. ಹಳೆಯ ಅಧ್ಯಕ್ಷರು ದೀಪದ ಕಂಬದ ಬಗ್ಗೆ ಏನೋ ಗೊಣಗಿದರು. ಸುಮಿತ್ರಾ ಆಂಟಿ ಮಾತ್ರ, ‘ಮೇಷ್ಟ್ರೇ, ಹಾಗಾದ್ರೆ ನನ್ನ ಮಕ್ಕಳು?’ ಅಂತ ಕೇಳಿದರು.

ಈ ಕಡೆ ಕ್ಲಾಸಿಗೆ ಬರಬಹುದು, ಎಲ್ಲರಿಗೂ ಸ್ವಾಗತವಿದೆ, ನದಿ ದಾಟಿದರಾಯಿತು ಅಂತ ಮೇಷ್ಟ್ರು ಭೂಪಟದ ಮೇಲೆ ಬೆರಳಿಟ್ಟು ತೋರಿಸಿದರು. ಆಂಟಿ ಆ ಬೆರಳನ್ನು ನೋಡಿದರು. ‘ನಾನು ಇವತ್ತು ಬಂದ ದಾರಿಯಲ್ಲಿ ನೀವೊಂದು ಸಲ ಮಕ್ಕಳನ್ನ ಕರ್ಕೊಂಡು ಬನ್ನಿ’ ಅಂದರು, ಜೋರಿಲ್ಲದ ದನಿಯಲ್ಲಿ. ಅಧ್ಯಕ್ಷರು ನಿಂತುಕೊಂಡೇ ಸಹಿ ಹಾಕಿದರು. ಅವರಿಗೆ ಮಂಡಿ ನೋವು, ಕೂತರೆ ಏಳುವುದು ಕಷ್ಟ, ಅಷ್ಟೇ. ಆದರೆ ತ್ರಿಯಾನೋದಲ್ಲಿ ಹಂಗೇರಿಯ ಪ್ರತಿನಿಧಿಯೊಬ್ಬ ಪ್ರತಿಭಟನೆಗೆ ನಿಂತೇ ಸಹಿ ಹಾಕಿದ್ದನಂತೆ. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಪಾಪ, ಅಧ್ಯಕ್ಷರು ಅದನ್ನು ನೋಡಿ, ನೀರು ಬೇಕೇನ್ರೀ ಅಂತ ಇವರನ್ನೇ ಕೇಳಿದರು.

ಆಂಟಿಯ ತರಗತಿ ಚಳಿಗಾಲ ಮುಗಿಯುವುದರೊಳಗೆ ಕರಗಿತು. ಸರ್ಟಿಫಿಕೇಟ್ ಇಲ್ಲದ ಕನ್ನಡ ಯಾಕೆ ಅಂತ ಅಪ್ಪ ಅಮ್ಮಂದಿರು ಬಾಯಿಬಿಟ್ಟು ಹೇಳಲಿಲ್ಲ, ಮಕ್ಕಳನ್ನು ಸಾಕರ್‌ಗೆ ಸೇರಿಸಿದರು. ಉಳಿದ ಕೆಲವರನ್ನು ಈ ದಡಕ್ಕೆ ಯಾರು ಕರೆತರಬೇಕು? ಮೇಷ್ಟ್ರು ಸೆಕೆಂಡ್ ಹ್ಯಾಂಡ್ ಮಿನಿವ್ಯಾನ್ ತಗೊಂಡರು. ಊರು ಸುತ್ತುವ ಬೆಲ್ಟ್‌ವೇ ಹೆದ್ದಾರಿ ಅಂದರೆ ಹೆದರಿ ಊರೊಳಗಿನ ರಸ್ತೆಗಳಲ್ಲೇ ಜೀವನ ಕಳೆದವರು, ಭಾನುವಾರ ಭಾನುವಾರ ತಾವೇ ಎಳೆದ ಗೆರೆ ದಾಟಿ ಜರ್ಮನ್‌ಟೌನಿಗೆ ಹೋಗಿ, ಮಕ್ಕಳನ್ನು ತುಂಬಿಕೊಂಡು ರೆಸ್ಟನ್ನಿಗೆ ಬಂದು, ಕ್ಲಾಸು ಮುಗಿಯುವ ತನಕ ಪಾರ್ಕಿಂಗಿನಲ್ಲಿ ಕೂತು, ಮತ್ತೆ ಬಿಟ್ಟು ಬರತೊಡಗಿದರು. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ತಬ್ಬಿಕೊಳ್ಳುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದರೆ ‘ಬಂದೆ ಬಂದೆ’ ಅನ್ನುತ್ತಿದ್ದರು, ಬಾಗಿಲು ತಟ್ಟಿದವರಿಗೆ ಹೇಳುವ ಹಾಗೆ. ಸುಮಿತ್ರಾ ಆಂಟಿಯನ್ನೂ ಬನ್ನಿ, ರೆಸ್ಟನ್ನಿನಲ್ಲೇ ಪಾಠ ಮಾಡಿ ಅಂತ ಕರೆದರು. ಆಂಟಿ ಬರಲಿಲ್ಲ. ಮಕ್ಕಳಿಗೆ ನೀರಿನ ಬಾಟಲಿ ತುಂಬಿಕೊಟ್ಟು, ವ್ಯಾನಿನ ಬಾಗಿಲು ಹಾಕಿ ಹಿಂದೆ ಸರಿದು ನಿಲ್ಲುತ್ತಿದ್ದರಂತೆ.

ಒಂದು ಸಲ ನಾನೂ ಆ ವ್ಯಾನಿನಲ್ಲಿ ಹೋಗಿದ್ದೆ. ಮಕ್ಕಳ ಕನ್ನಡವನ್ನು ಕದ್ದು ವೇದಿಕೆಗೆ ತರುವ ಆಸೆ, ಬೇರೇನಿಲ್ಲ. ಸೇತುವೆ ಮೇಲೆ ಗಾಡಿಗಳೆಲ್ಲ ನಿಂತುಬಿಟ್ಟಿದ್ದವು. ಹಿಂದಿನ ಸೀಟಿನ ಹುಡುಗಿಯೊಬ್ಬಳು ಕನ್ನಡಕ್ಕೆ ಇಂಗ್ಲಿಷ್ ಬೆರೆಸಿ, ನಮ್ಮ ಆಂಟಿ ಕ್ಲಾಸೇ ಚೆನ್ನಾಗಿತ್ತು, ವಾಕ್ ಮಾಡ್ಕೊಂಡು ಹೋಗ್ತಿದ್ದೆ ಅಂತ ರಾಗ ಎಳೆದಳು. ಆಮೇಲೆ ಕೇಳಿದಳು.

‘ಹೂ ಮೇಡ್ ದಿಸ್ ರೂಲ್, ತಾತಾ?’

‘ನಾನೇ ಪುಟ್ಟೀ.’

‘ವೈ?’

ಡ್ರೈವ್ ಮಾಡುತ್ತಿದ್ದರು, ಕಣ್ಣು ಮುಚ್ಚುವ ಹಾಗಿರಲಿಲ್ಲ. ‘ನನಗೆ ಚೆನ್ನಾಗಿ ಬರೆಯಕ್ಕೆ ಬರತ್ತೆ ಅಂತ ನಾಲ್ಕು ಜನಕ್ಕೆ ತೋರಿಸಬೇಕಿತ್ತಮ್ಮ,’ ಅಂದರು.

ಹುಡುಗಿ ಸ್ವಲ್ಪ ಯೋಚನೆ ಮಾಡಿ, ‘ದಟ್ಸ್ ನಾಟ್ ಎ ಗುಡ್ ರೀಸನ್,’ ಅಂದಳು.

‘ಅಲ್ಲ,’ ಅಂದರು ಮೇಷ್ಟ್ರು.

ಮಕ್ಕಳನ್ನು ಇಳಿಸಿದ ಮೇಲೆ ಪಾರ್ಕಿಂಗಿನಲ್ಲಿ ನನ್ನ ಕಡೆ ತಿರುಗಿದರು. ಹರೀಶನಿಗೆ ಎಷ್ಟೋ ಸಲ ಹೇಳಿದ್ದರಂತೆ, ಮೂರನೆಯ ಷರತ್ತು ತೆಗೆದುಹಾಕಿ, ಜರ್ಮನ್‌ಟೌನ್ ತರಗತಿಗೆ ಹೆಸರೂ ಸರ್ಟಿಫಿಕೇಟೂ ವಾಪಸ್ ಕೊಡಿ ಅಂತ. ಅವನು ಪ್ರತಿ ಸಲವೂ ಮುಂದಿನ ಮೀಟಿಂಗಿನಲ್ಲಿ ನೋಡೋಣ ಅನ್ನುತ್ತಾನೆ. ನೀನು ಕಾರ್ಯದರ್ಶಿ ಅಲ್ವೇನೋ, ನೀನು ಎತ್ತು ಅಂದರು. ಎತ್ತುತ್ತೇನೆ ಅಂದೆ.

ಎತ್ತಿದೆ ಕೂಡ. ಮೀಟಿಂಗಿನಲ್ಲಿ ಎದ್ದು ನಿಂತು, ತೋಳು ಮಡಿಸಿ, ಮೇಷ್ಟ್ರ ದನಿಯಲ್ಲಿ ‘ಉಭಯ ಪಕ್ಷಗಳೂ ಪರಸ್ಪರ ಸೌಹಾರ್ದದಿಂದ ಮೂರನೆಯ ಷರತ್ತನ್ನು...’ ಅಂತ ಹೇಳಿ ಕಣ್ಣು ಮುಚ್ಚಿದೆ. ನಾನು ಕಣ್ಣು ತೆರೆಯುವುದರೊಳಗೆ ಎಲ್ಲರೂ ನಗುತ್ತಿದ್ದರು. ಕ್ರಿಯಾಪದ ಯಾರಿಗೂ ಬೇಕಾಗಲಿಲ್ಲ. ಹರೀಶ್ ಕಣ್ಣೊರೆಸಿಕೊಳ್ಳುತ್ತಾ ಯುಗಾದಿ ಊಟದ ವಿಷಯಕ್ಕೆ ಹೋದ. ಮೇಷ್ಟ್ರು ಫೋನ್ ಮಾಡಿ ಕೇಳಿದಾಗ, ಎತ್ತಿದೆ ಮೇಷ್ಟ್ರೇ, ಚರ್ಚೆ ಆಗಲಿಲ್ಲ ಅಂದೆ. ಸುಳ್ಳು ಅಂತ ಯಾರೂ ಹೇಳುವ ಹಾಗಿಲ್ಲ. ಎತ್ತಿ, ನಗಿಸಿ, ಇಳಿಸಿದ್ದೆ. ಆಮೇಲೆ ಇದೇ ಒಂದು ಪದ್ಧತಿಯಾಗಿಬಿಟ್ಟಿತು. ಪ್ರತಿ ಮೀಟಿಂಗಿನಲ್ಲೂ ಯಾರಾದರೂ ‘ಎಲ್ಲಿ, ಮೂರನೇ ಷರತ್ತು ಆಗಲಿ’ ಅನ್ನೋರು, ನಾನು ಮಾಡುತ್ತಿದ್ದೆ, ಆಮೇಲೆ ಸಮೋಸ ಬರುತ್ತಿತ್ತು.

ಮೇಷ್ಟ್ರು ಕೊನೆಕೊನೆಗೆ ಹೋಟೆಲಿಗೆ ಬಂದರೆ ಇಡ್ಲಿ ತರಿಸುತ್ತಿದ್ದರು. ದೋಸೆ ಯಾಕೆ ಬಿಟ್ಟಿರಿ ಅಂದರೆ ಎಣ್ಣೆ ಅಂದರು. ಹಂಗೇರಿ ಮಾತನ್ನೂ ಬಿಟ್ಟಿದ್ದರು. ಯಾರಾದರೂ ಹೊಸಬರು ಗಡಿ, ಯುದ್ಧ ಅಂತ ಕೆದಕಿದರೆ, ನಾನು ಆ ವಿಷಯ ಓದಿದ್ದೆ ಕಣ್ರೀ, ಕಲಿತಿರಲಿಲ್ಲ ಅಂತ ಹೇಳಿ ಕಾಫಿ ಕಡೆ ನೋಡುತ್ತಿದ್ದರು.

ಹೋದ ಚಳಿಗಾಲದಲ್ಲಿ ಎದೆನೋವು ಅಂತ ಆಸ್ಪತ್ರೆ ಸೇರಿದರು. ನೋಡಲು ಹೋದೆ. ಹರೀಶನ ಧ್ವನಿ ತೆಗಿ ಅಂದರು, ತೆಗೆದೆ, ಮೂಗಿನ ಕೊಳವೆ ಅಲುಗುವಷ್ಟು ನಕ್ಕರು. ನಿಮ್ಮದು ಮಾಡಲಾ ಅಂದೆ. ಬೇಡ, ಆ ದನಿ ಕೇಳಿ ಕೇಳಿ ನನಗೇ ಸಾಕಾಗಿದೆ ಅಂದರು. ಆಮೇಲೆ ಕಿಟಕಿ ಕಡೆ ತಿರುಗಿದರು.

‘ಆ ಒಪ್ಪಂದಕ್ಕೆ ನೂರು ವರ್ಷ ದಾಟಿತು, ಅದನ್ನ ಇನ್ಯಾರು ತಿದ್ತಾರೆ? ತಿದ್ದಬಹುದಾಗಿದ್ದು ಇದೊಂದೇ ಕಣೋ.’

ಆ ವಾರವೇ ಹೋಗಿಬಿಟ್ಟರು.

ಫೇರ್‌ಫ್ಯಾಕ್ಸ್‌ನ ಬಾಡಿಗೆ ಹಾಲಿನಲ್ಲಿ ಭಾನುವಾರ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡೆವು. ಎರಡೂ ದಡದವರು ಬಂದಿದ್ದರು, ನಡುವೆ ನಡೆಯುವ ದಾರಿ ಬಿಟ್ಟು ಆ ದಡದವರು ಆ ಕಡೆ, ಈ ದಡದವರು ಈ ಕಡೆ ಕೂತರು. ಯಾರೂ ಹಾಗೆ ಕೂರಿ ಅಂತ ಹೇಳಿರಲಿಲ್ಲ. ಸುಮಿತ್ರಾ ಆಂಟಿ ಹಿಂದಿನ ಸಾಲಿನಲ್ಲಿದ್ದರು. ಹರೀಶ್ ಮಾತಾಡುತ್ತಾ ಅತ್ತುಬಿಟ್ಟ, ನಿಜವಾಗಿಯೇ. ಆಮೇಲೆ ಘೋಷಣೆ ಮಾಡಿದ: ನಮ್ಮ ಕನ್ನಡ ಶಾಲೆಗೆ ಇನ್ನು ಮೇಲೆ ಮೇಷ್ಟ್ರ ಹೆಸರು. ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಆಂಟಿ ತೊಡೆ ಮೇಲಿನ ಬ್ಯಾಗಿನಿಂದ ಕೈ ಎತ್ತಲಿಲ್ಲ.

ಆಮೇಲೆ ನನ್ನನ್ನು ಕರೆದರು. ಮೇಷ್ಟ್ರಿಗೆ ನಗು ಇಷ್ಟ, ಅಳಿಸಬೇಡ, ನಿನ್ನ ಸ್ಟೈಲಿನಲ್ಲಿ ಒಂದೆರಡು ನಿಮಿಷ ಅಂದ ಹರೀಶ್. ಮೈಕ್ ಹಿಡಿದೆ. ತೋಳು ಮಡಿಸಿದೆ. ಇಷ್ಟು ದಿನ ಹಾಸ್ಯಕ್ಕೆ ಮಾಡಿದ್ದನ್ನು ಇವತ್ತು ನಿಜಕ್ಕೆ ಮಾಡುತ್ತೇನೆ ಅಂದುಕೊಂಡೆ. ಮೇಷ್ಟ್ರ ದನಿಯಲ್ಲಿ, ‘ನನ್ನ ಹೆಸರಿಡೋದು ಆಮೇಲಾಯ್ತು. ಮೊದಲು ಆ ಮೂರನೆಯ ಷರತ್ತನ್ನ...’ ಅಂತ ಕಣ್ಣು ಮುಚ್ಚಿ, ಅವರು ತಿದ್ದಿಕೊಟ್ಟಷ್ಟು ಹೊತ್ತು ಮುಚ್ಚಿಯೇ ಇದ್ದು, ‘ಹರಿದು ಹಾಕಿ’ ಅಂದೆ. ನನ್ನ ಜೀವನದಲ್ಲೇ ಅಷ್ಟು ಕರಾರುವಾಕ್ಕಾಗಿ ಯಾರ ದನಿಯನ್ನೂ ತೆಗೆದಿರಲಿಲ್ಲ. ಹಾಲಿನಲ್ಲಿ ನಗು ಎದ್ದಿತು. ಅಳುತ್ತಿದ್ದವರೂ ನಕ್ಕರು, ನಗುತ್ತಿದ್ದವರು ಕಣ್ಣೊರೆಸಿಕೊಂಡರು, ಚಪ್ಪಾಳೆ ನಿಲ್ಲಲೇ ಇಲ್ಲ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಹರೀಶ್. ನಾನು ಬಗ್ಗಿ ನಮಸ್ಕಾರವನ್ನೂ ಮಾಡಿಬಿಟ್ಟೆ, ಅಭ್ಯಾಸಬಲ.

ಚಪ್ಪಾಳೆ ಇಳಿದ ಮೇಲೆ ಸುಮಿತ್ರಾ ಆಂಟಿ ಎದ್ದು ನಿಂತರು.

‘ಲಾಯ್ಕ ಮಾಡಿದೆ ಮಾರಾಯ. ಅವರೇ ಬಂದ ಹಾಗಾಯ್ತು. ಅವರು ಹೇಳಿದ್ದು ನಂಗೆ ಗೊತ್ತುಂಟು, ಫೋನ್ ಮಾಡಿದಾಗೆಲ್ಲ ಅದನ್ನೇ ಹೇಳ್ತಿದ್ರು. ನೀನು ಎಂತ ಹೇಳ್ತಿ?’

ನನ್ನ ನಾಲಿಗೆ ತುದಿಗೆ ಮೊದಲು ಬಂದದ್ದು ಹರೀಶನ ದನಿ, ಮುಂದಿನ ಮೀಟಿಂಗಿನಲ್ಲಿ ನೋಡೋಣ ಅಂತ. ಚೆನ್ನಾಗಿಯೇ ಬರುತ್ತಿತ್ತು, ಜನ ನಗುತ್ತಿದ್ದರು. ನುಂಗಿಕೊಂಡೆ. ಆಮೇಲೆ ಬಂದದ್ದಕ್ಕೆ ರಾಗವೂ ಇಲ್ಲ, ಲಯವೂ ಇಲ್ಲ, ನಡುವೆ ಎರಡು ಸಲ ಕೆಮ್ಮು. ಆ ಷರತ್ತು ತಪ್ಪು, ಜರ್ಮನ್‌ಟೌನ್ ತರಗತಿಗೆ ಹೆಸರೂ ಸರ್ಟಿಫಿಕೇಟೂ ವಾಪಸ್ ಕೊಡಬೇಕು, ಕಾರ್ಯದರ್ಶಿಯಾಗಿ ಸೂಚಿಸ್ತಾ ಇದ್ದೀನಿ, ಸಮಿತಿಯವರು ಒಪ್ಪಿಗೆ ಇದ್ದರೆ ಇಲ್ಲೇ ಕೈ ಎತ್ತಿ ಅಂದೆ.

ಯಾರೂ ನಗಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಸಮಿತಿಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಂದು ಕೈ ಎದ್ದಿತು, ಇನ್ನೊಂದು ಎದ್ದಿತು. ಹರೀಶ್ ಅವನ್ನೆಲ್ಲ ನೋಡಿದ, ಭುಜ ಕುಣಿಸಿದ, ನಂದೇನು ಅಬ್ಜೆಕ್ಷನ್ ಇಲ್ಲಪ್ಪ, ಇಷ್ಟು ದಿನ ಯಾರೂ ಸೀರಿಯಸ್ಸಾಗಿ ಕೇಳಿರಲೇ ಇಲ್ಲ ಅಂತ ಹೇಳಿ ತಾನೂ ಕೈ ಎತ್ತಿದ. ಮುಗಿಯಿತು. ಅಷ್ಟೇ. ಹಿಂದಿನ ಮೇಜಿನಲ್ಲಿ ಕಾಫಿ ಬಗ್ಗಿಸುತ್ತಿದ್ದವರು ಇನ್ನೂ ಬಗ್ಗಿಸುತ್ತಲೇ ಇದ್ದರು.

ಆಂಟಿ ಭಾನುವಾರದ ಟ್ರಾಫಿಕ್ ಶುರುವಾಗುತ್ತದೆ ಅಂತ ಬೇಗ ಹೊರಟರು. ಬಾಗಿಲವರೆಗೂ ಹೋದೆ, ಏನಾದರೂ ಅನ್ನುತ್ತಾರೇನೋ ಅಂತ. ಬೈದಿದ್ದರೂ ಆಗುತ್ತಿತ್ತು. ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ಇಷ್ಟು ಸುಲಭ ಇತ್ತಾ ಅಂತ ಕೇಳಿದರು. ನನ್ನನ್ನಲ್ಲ, ಹಾಗೇ ಹೊರಗಿನ ಚಳಿಯನ್ನು ಕೇಳಿದಂತೆ ಕೇಳಿ, ಉತ್ತರಕ್ಕೆ ಕಾಯದೆ ಕಾರಿನ ಕಡೆ ನಡೆದರು.